ಐವಿಎಫ್ ಆದ ಮೇಲೆ ಒಂದು ಮಗು ಗರ್ಭಕೋಶದಲ್ಲಿ, ಇನ್ನೊಂದು ಟ್ಯೂಬಿನಲ್ಲಿ (ಗರ್ಭನಾಳದಲ್ಲಿ). ನೋವಿಲ್ಲ. ಮನೆ ಸರ್ಜಾಪುರ ರಸ್ತೆಯಲ್ಲಿ. ಆಪರೇಷನ್ ಬದಲು ಇಂಜೆಕ್ಷನ್ ತಗೊಂಡು ಎರಡು ವಾರ ಕಾಯಬಹುದಾ?

ನೋವಿಲ್ಲ ಅಂದಿರಲ್ಲ, ನನಗೂ ರಾತ್ರಿ ಹನ್ನೊಂದರವರೆಗೆ ಇರಲಿಲ್ಲ.

2020ರ ಜನವರಿ. ಎರಡು ಭ್ರೂಣ ಹಾಕಿಸಿಕೊಂಡಿದ್ದೆ. ಆರನೇ ವಾರದ ಸ್ಕ್ಯಾನಲ್ಲಿ ಒಂದರ ಹೃದಯ ಬಡಿತ ಕಂಡಿತ್ತು. ಬಲಗಡೆ ಇದ್ದದ್ದನ್ನ ಅಂಡಾಶಯದ ಸಿಸ್ಟ್ (ನೀರುಗುಳ್ಳೆ) ಅಂದ್ಕೊಂಡ್ರು; ಟ್ರೀಟ್‌ಮೆಂಟ್ ಆದ ಮೇಲೆ ಸಿಸ್ಟ್ ಇರೋದು ಮಾಮೂಲಿ. ಅತ್ತೆ ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದ್ರು.

ಒಂದು ವಾರಕ್ಕೆ, ರಾತ್ರಿ ಹಿತಕಬೇಳೆ ಸಾರು ಉಂಡು ಮಲಗಿದವಳಿಗೆ ಬಲಗಡೆ ಕಿಬ್ಬೊಟ್ಟೆ ನೋವು. ಆಮೇಲೆ ಹೆಗಲ ತುದಿ. ಮಲಗಿದ್ರೆ ಜಾಸ್ತಿ, ಎದ್ದು ಕೂತ್ರೆ ಕಮ್ಮಿ. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಸಿಸ್ಟರ್ "ಏನಾಗ್ತಿದೆ ಮೇಡಂ?" ಅಂದ್ರು. ನಾನು "ಗ್ಯಾಸ್ ಸಿಸ್ಟರ್, ಅವರೆಕಾಳು ತಿಂದಿದ್ದೆ" ಅಂದೆ.

ನಾನು ಮಾಡಿದ ತಪ್ಪು ಇಷ್ಟೇ. ನೋವು ಎಲ್ಲಿ ಅಂತ ಹೇಳಲಿಲ್ಲ, ಕಾಯಿಲೆಗೆ ನಾನೇ ಹೆಸರಿಟ್ಟೆ. ಹೆಗಲಿನ ಮಾತೇ ಎತ್ತಲಿಲ್ಲ, ಬಸಿರಿಗೂ ಹೆಗಲಿಗೂ ಏನು ಸಂಬಂಧ ಅಂತ! ಸಂಬಂಧ ಇದೆ: ಟ್ಯೂಬ್ ಒಡೆದು ಸೋರಿದ ರಕ್ತ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಕೆಳಗೆ ಸೇರಿದ್ರೆ ನೋವು ಹೆಗಲಲ್ಲಿ ಕಾಣುತ್ತೆ. ಗ್ಯಾಸ್ ಅಂದವಳಿಗೆ ಅವರು ಗ್ಯಾಸಿಗೇ ಔಷಧಿ ಹೇಳಿದ್ರು. ಓಮದ ನೀರು ಕುಡ್ಕೊಂಡು ನಾಲ್ಕು ಗಂಟೆ ಕೂತಿದ್ದೆ. ಬಚ್ಚಲಿಗೆ ಹೋದವಳು ಬಕೆಟ್ ಮೇಲೆ ಬಿದ್ದ ಸದ್ದಿಗೇ ನಮ್ಮನೆಯವರಿಗೆ ಎಚ್ಚರ ಆಗಿದ್ದು. ಹೊಟ್ಟೆಯೊಳಗೆ ಲೀಟರಿಗೂ ಮೇಲೆ ರಕ್ತ. ಬಲಗಡೆ ಟ್ಯೂಬ್ ತೆಗೆದ್ರು. ಒಳಗಿನ ಮಗು ಉಳೀತು, ಈಗ ಸ್ಕೂಲಿಗೆ ಹೋಗ್ತಾನೆ.

ಇನ್ನು ನಿಮ್ಮ ಪ್ರಶ್ನೆ. ಆಪರೇಷನ್ ಅಪಾಯ, ಕಾಯೋದು ಕ್ಷೇಮ ಅಂತ ಇಟ್ಕೊಂಡೇ ಕೇಳಿದ್ದೀರಿ. ಆ ಲೆಕ್ಕವೇ ತಪ್ಪು. ಟ್ಯೂಬಿನ ಬಸಿರು ಕರಗಿಸೋಕೆ ಕೊಡೋ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಗರ್ಭಕೋಶದ ಮಗುವನ್ನೂ ಬಿಡಲ್ಲ, ನಿಮಗೆ ಅದು ಆಗದು. ಬಸಿರಿನ ಹಾರ್ಮೋನ್ ಎಚ್‌ಸಿಜಿಯ ರಕ್ತ ಪರೀಕ್ಷೆ ನೋಡ್ಕೊಂಡು ಕಾಯೋಣ ಅಂದ್ರೆ, ಒಳಗಿನ ಮಗುವಿನಿಂದ ಅದು ಏರ್ತಾನೇ ಇರುತ್ತೆ. ಟ್ಯೂಬ್ ಒಡೆದಿಲ್ಲ ಅಂದ್ರೆ ಸ್ಕ್ಯಾನ್ ನೋಡ್ಕೊಂಡು ಅಲ್ಲಿಗೇ ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚೋದೂ ಉಂಟು, ಕೇಳಿ ನೋಡಿ. ನನ್ನ ಮಾತು ಕೇಳಿದ್ರೆ ಲ್ಯಾಪ್ರೋಸ್ಕೋಪಿ, ಅಂದ್ರೆ ಸಣ್ಣ ತೂತು ಮಾಡಿ ಮಾಡೋ ಆಪರೇಷನ್. ಮಗುವಿಗೆ ಏನೂ ಆಗಲ್ಲ ಅಂತ ಯಾರೂ ಬರೆದುಕೊಡಲ್ಲ, ಆದ್ರೆ ಒಡೆದ ಮೇಲೆ ಓಡಿಹೋಗಿ ಮಾಡಿಸ್ಕೊಳ್ಳೋದಕ್ಕಿಂತ ಒಡೆಯೋ ಮುಂಚೆ ಮಾಡಿಸ್ಕೊಳ್ಳೋದು ಸಾವಿರ ಪಾಲು ವಾಸಿ. ತಾನಾಗಿ ಆದ ಬಸಿರಲ್ಲಿ ಹೀಗಾಗೋದು ಸುಮಾರು 30,000ಕ್ಕೆ ಒಂದು ಅಂತಾರೆ, ಐವಿಎಫ್‌ನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ದೃಷ್ಟಿ ತಾಗಿದೆ ಅಂತ ನಿಮ್ಮತ್ತೆ ಅಂದ್ರೆ ಇದನ್ನ ಹೇಳಿ.

ಮನೆ ಸರ್ಜಾಪುರ ರಸ್ತೆ ಅಂದ್ರಿ. ಸಿಲ್ಕ್ ಬೋರ್ಡಲ್ಲಿ ಆಂಬುಲೆನ್ಸ್ ನಿಂತ್ಕೊಳ್ಳೋದನ್ನ ನೋಡೇ ಇರ್ತೀರ. ಇವತ್ತೇ ಅಡ್ಮಿಟ್ ಆಗಿ. ಬಸಿರು ನಿಲ್ಲಲಿ ಅಂತ ಕೊಟ್ಟಿರೋ ಪ್ರೊಜೆಸ್ಟರಾನ್ ಮಾತ್ರ ನೀವಾಗೇ ನಿಲ್ಲಿಸಬೇಡಿ.