ನಿರೂಪಕರು ಹೋದದ್ದರಿಂದ ಚಾನೆಲ್ ಸೊರಗಿತೇ, ಸೊರಗಿದ್ದರಿಂದ ಅವರು ಹೋದರೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಹಲವು ವರ್ಷಗಳಿಂದ ನಿಮ್ಮ ಮನೆಯಲ್ಲಿ ರಾತ್ರಿಯೂಟದ ಹೊತ್ತಿಗೆ ಹಾಕುತ್ತಿದ್ದ ಒಂದು ಕನ್ನಡ ಸುದ್ದಿವಾಹಿನಿಯ ಪರಿಚಿತ ಮುಖಗಳೆಲ್ಲ ಎರಡು ವರ್ಷದೊಳಗೆ ಒಂದೊಂದಾಗಿ ಬೇರೆ ವಾಹಿನಿಗಳಲ್ಲಿ ಕಾಣಿಸಿಕೊಂಡವು, ಈಗ ಆ ವಾಹಿನಿಯನ್ನು ನಿಮ್ಮ ಮನೆಯವರಷ್ಟೇ ಅಲ್ಲ, ಬೀದಿಯಲ್ಲಿ ಯಾರೂ ನೋಡುತ್ತಿಲ್ಲ. ನಿರೂಪಕರು ಹೋದದ್ದರಿಂದ ವಾಹಿನಿ ಬಿದ್ದಿತೇ, ಬೀಳುತ್ತಿದ್ದುದರಿಂದ ಅವರು ಹೋದರೇ, ಮತ್ತು ಹೋದವರು ಹೊಸ ಜಾಗದಲ್ಲಿ ಪ್ರೇಕ್ಷಕರನ್ನು ತಮ್ಮೊಡನೆ ಕರೆದೊಯ್ಯುತ್ತಾರೆಯೇ ಎಂಬುದು ನಿಮ್ಮ ಕುತೂಹಲ.

ಬೆಂಗಳೂರಿನ ಒಂದು ಸುದ್ದಿವಾಹಿನಿಯ ಔಟ್‌ಪುಟ್ ವಿಭಾಗದಲ್ಲಿ, ಅಂದರೆ ಬಂದ ಸುದ್ದಿಯನ್ನು ತೆರೆಗೆ ಸಿದ್ಧಪಡಿಸುವ ಕಡೆ, 9 ವರ್ಷ ಬುಲೆಟಿನ್ ಪ್ರೊಡ್ಯೂಸರ್ ಆಗಿದ್ದವನು ನಾನು. ಆ ವಾಹಿನಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ಕಂಡ ಮಟ್ಟಿಗೆ ಹೇಳುವುದಾದರೆ ನಿಮ್ಮ ಎರಡನೆಯ ಊಹೆಯೇ ಬಹುಪಾಲು ಸರಿ. ನಿರೂಪಕರು ಎದ್ದು ಹೋಗುವುದು ಪ್ರೇಕ್ಷಕರ ಕಣ್ಣಿಗೆ ಬೀಳುವ ಮೊದಲ ಘಟನೆಯೇ ಹೊರತು ವಾಹಿನಿಯೊಳಗೆ ನಡೆಯುವ ಮೊದಲ ಘಟನೆಯಲ್ಲ. ಅದಕ್ಕೂ ಬಹಳ ಮುಂಚೆ, ನೀವು ಹೆಸರನ್ನೂ ಕೇಳಿರದ ಜನ ಕೆಲಸ ಬಿಟ್ಟಿರುತ್ತಾರೆ ಅಥವಾ ಕೆಲಸ ಮಾಡುವುದನ್ನು ಬಿಟ್ಟಿರುತ್ತಾರೆ.

ನಮ್ಮಲ್ಲಿ ಅದು ಶುರುವಾದದ್ದು ಜಿಲ್ಲೆಗಳಿಂದ. ಸುದ್ದಿವಾಹಿನಿಗಳು ತಾಲ್ಲೂಕು ಮಟ್ಟದಲ್ಲಿ ಸಂಬಳದ ವರದಿಗಾರರನ್ನು ಇಟ್ಟುಕೊಳ್ಳುವುದು ಅಪರೂಪ. ಅಲ್ಲಿ ಇರುವವರು ಸ್ಟ್ರಿಂಗರ್‌ಗಳು, ಅಂದರೆ ಕಳಿಸಿದ ಸುದ್ದಿಯ ಲೆಕ್ಕದಲ್ಲಿ ದುಡ್ಡು ಪಡೆಯುವವರು. ಉತ್ತರ ಕರ್ನಾಟಕದ ಒಂದು ತಾಲ್ಲೂಕಿನ ನಮ್ಮ ಸ್ಟ್ರಿಂಗರ್ ಒಬ್ಬರ ಬೈಕಿನ ಪಕ್ಕದ ಚೀಲದಲ್ಲಿ ಮೂರು ವಾಹಿನಿಗಳ ಮೈಕ್ ಲೋಗೊಗಳಿರುತ್ತಿದ್ದವು. ಮಂತ್ರಿಯೊಬ್ಬರು ಮಾತಾಡುವಾಗ ಒಂದೇ ಮೈಕಿಗೆ ಒಂದು ಲೋಗೊ ಸಿಕ್ಕಿಸಿ ಬೈಟ್ (ಹೇಳಿಕೆಯ ತುಣುಕು) ತೆಗೆದುಕೊಂಡು, ಅದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿ, "ಸಾರ್, ಇನ್ನೊಂದ್ ಸಲ" ಎಂದು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು. ಆರಂಭದಲ್ಲಿ ಅವರ ಚಿತ್ರಗಳು ಎಲ್ಲರಿಗಿಂತ ಮೊದಲು ನಮ್ಮ ಡೆಸ್ಕಿಗೆ ಬರುತ್ತಿದ್ದವು. ಮೂರು ತಿಂಗಳ ಬಿಲ್ ಬಾಕಿಯಾದಾಗ ಅವು ಅರ್ಧ ಗಂಟೆ ತಡವಾಗಿ ಬರತೊಡಗಿದವು. ಏಳು ತಿಂಗಳಾದಾಗ ಎದುರಾಳಿ ವಾಹಿನಿಯಲ್ಲಿ ಸುದ್ದಿ ಮುಗಿದ ಮೇಲೆ ಬಂದವು. ಕೊನೆಗೊಂದು ದಿನ ನಮ್ಮ ಲೋಗೊ ಮಾತ್ರ ಕೊರಿಯರ್‌ನಲ್ಲಿ ಕಚೇರಿಗೆ ವಾಪಸ್ ಬಂತು. ಅವರು ಜಗಳವಾಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ, ಏಕೆಂದರೆ ರಾಜೀನಾಮೆ ಕೊಡಲು ಅವರಿಗೆ ನೌಕರಿ ಎಂಬುದೇ ಇರಲಿಲ್ಲ.

ಜಿಲ್ಲೆಯಿಂದ ಸುದ್ದಿ ಬರುವುದು ನಿಂತರೂ ಇಪ್ಪತ್ತನಾಲ್ಕು ಗಂಟೆಯ ಹೊಟ್ಟೆ ತುಂಬಿಸಲೇಬೇಕು. ಆಗ ಸ್ಟುಡಿಯೋದಲ್ಲಿ ನಾಲ್ಕು ಜನರನ್ನು ಕೂರಿಸಿ ಚರ್ಚೆ ನಡೆಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಬಂದ ಅತಿಥಿಗಳಿಗೆ ಬಹುತೇಕ ಕಾಫಿಯ ಖರ್ಚು ಬಿಟ್ಟರೆ ಬೇರೇನೂ ಇರುವುದಿಲ್ಲ. ಬೆಳಗಿನ ಜ್ಯೋತಿಷ್ಯದವರಂತೂ ತಾವೇ ಹಣ ಕೊಟ್ಟು ಆ ಅರ್ಧ ಗಂಟೆಯನ್ನು ಕೊಳ್ಳುತ್ತಿದ್ದರು. ಹೊರಗಿನ ಕೊರತೆಯ ಭಾರವೆಲ್ಲ ನಿರೂಪಕರ ಗಂಟಲಿನ ಮೇಲೆ ಬೀಳುವುದು ಈ ಹಂತದಲ್ಲಿ. ಸ್ಟುಡಿಯೋವನ್ನು ನಿಯಂತ್ರಿಸುವ ಕೋಣೆಯಾದ ಪಿಸಿಆರ್‌ನಲ್ಲಿ ಕುಳಿತು ನಾನು ಟಾಕ್‌ಬ್ಯಾಕ್‌ನಲ್ಲಿ ಅವರ ಕಿವಿಗೆ, "ರಿಪೋರ್ಟರ್ ಸಿಗ್ತಿಲ್ಲ, ಎರಡು ನಿಮಿಷ ಎಳೀರಿ" ಎಂದು ದಿನಕ್ಕೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. "ನಮ್ಮ ಪ್ರತಿನಿಧಿಯ ಸಂಪರ್ಕ ಕಡಿತಗೊಂಡಿದೆ" ಎಂಬ ವಾಕ್ಯವನ್ನು ನೀವು ಕೇಳಿರುತ್ತೀರಿ. ಅದು ಕೆಲವೊಮ್ಮೆ ನಿಜವೇ. ನಮ್ಮ ಕೊನೆಯ ಒಂದೂವರೆ ವರ್ಷದಲ್ಲಿ ಮಾತ್ರ ಅತ್ತ ಕಡೆ ಸಂಪರ್ಕಿಸಬೇಕಾದ ಪ್ರತಿನಿಧಿಯೇ ಇರುತ್ತಿರಲಿಲ್ಲ. ಆ ಮಾತನ್ನು ನೇರ ಪ್ರಸಾರದಲ್ಲಿ ಮುಖ ಕೆಡಿಸಿಕೊಳ್ಳದೆ ಹೇಳಬೇಕಾದವರು ನಿರೂಪಕರು. ಸಂಸ್ಥೆ ಖಾಲಿಯಾಗುತ್ತಿದೆ ಎಂಬುದು ಸಂಪಾದಕರಿಗಿಂತ ಮೊದಲು ಅವರ ಕಿವಿಗೆ ತಿಳಿಯುತ್ತಿತ್ತು.

ಹಾಗಾದರೆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಬಹುದು. ಕನ್ನಡದ ಹೆಚ್ಚಿನ ಸುದ್ದಿವಾಹಿನಿಗಳು ಉಚಿತ ವಾಹಿನಿಗಳಾದ್ದರಿಂದ ನೀವು ಕೇಬಲ್‌ಗೆ ಕಟ್ಟುವ ಹಣದಲ್ಲಿ ಅವಕ್ಕೆ ಪಾಲಿಲ್ಲ; ತದ್ವಿರುದ್ಧವಾಗಿ, ಕೇಬಲ್ ಜಾಲದಲ್ಲಿ ತಮ್ಮ ವಾಹಿನಿಯನ್ನು ಇರಿಸಿಕೊಳ್ಳಲು, ಸುಲಭವಾಗಿ ಸಿಗುವ ನಂಬರಿನಲ್ಲಿ ತೋರಿಸಲು ಅವೇ ಕೇಬಲ್‌ನವರಿಗೆ ಕ್ಯಾರಿಯೇಜ್ ಶುಲ್ಕ ಕಟ್ಟಬೇಕು. ಆದಾಯವೆಂದರೆ ಬಹುಮಟ್ಟಿಗೆ ಜಾಹೀರಾತೇ. ಅದಕ್ಕೂ ನಿಯಮದಲ್ಲಿ ಗಂಟೆಗೆ 12 ನಿಮಿಷದ ಮಿತಿಯಿದೆ. ಚುನಾವಣೆಯ ವರ್ಷದಲ್ಲಿ ಕೈತುಂಬ ಬರುತ್ತದೆ, ಮುಂದಿನ ವರ್ಷ ಬರಿದಾಗುತ್ತದೆ. ಕೈ ಕಟ್ಟಿದಾಗ ಮಾಲೀಕರು ಮೊದಲು ನಿಲ್ಲಿಸುವುದು ಸ್ಟ್ರಿಂಗರ್‌ಗಳ ಬಿಲ್, ಆಮೇಲೆ ಹೊರಗಿನಿಂದ ನೇರ ಪ್ರಸಾರ ಮಾಡುವ ಒಬಿ ವ್ಯಾನಿನ ಡೀಸೆಲ್, ಆಮೇಲೆ ನಮ್ಮಂಥವರ ಸಂಬಳ. ಒಂದನೇ ತಾರೀಖಿನ ಸಂಬಳ ಏಳಕ್ಕೆ ಸರಿಯಿತು, ಏಳರಿಂದ ಹದಿನೆಂಟಕ್ಕೆ. ಕ್ಯಾರಿಯೇಜ್ ಶುಲ್ಕವನ್ನು ಮಾತ್ರ ನಿಲ್ಲಿಸುವಂತಿಲ್ಲ, ನಿಲ್ಲಿಸಿದ ದಿನ ವಾಹಿನಿಯೇ ಮನೆಗಳಿಂದ ಮಾಯವಾಗುತ್ತದೆ.

ಇದರ ಮೇಲೆ ಗುರುವಾರದ ಭಯ. ಯಾವ ವಾಹಿನಿಯನ್ನು ಎಷ್ಟು ಜನ ನೋಡುತ್ತಾರೆಂದು ಅಳೆಯುವ ಬಾರ್ಕ್ ಸಂಸ್ಥೆಯ ವಾರದ ಟಿಆರ್‌ಪಿ ಅಂಕಿಗಳು ಗುರುವಾರ ಬರುತ್ತಿದ್ದವು, ಮತ್ತು ಅಂದು ಬೆಳಿಗ್ಗೆ ನ್ಯೂಸ್‌ರೂಮಿಗೆ ಕಾಲಿಟ್ಟ ಕೂಡಲೇ ಸಂಪಾದಕರ ಕೋಣೆಯ ಬಾಗಿಲು ಹಾಕಿದೆಯೋ ತೆರೆದಿದೆಯೋ ನೋಡಿದರೆ ಸಾಕು, ಅಂಕಿ ಗೊತ್ತಾಗುತ್ತಿತ್ತು. ಒಂದು ಸ್ಲಾಟ್ ಬಿದ್ದರೆ ಅದರ ಹೊಣೆ ಆ ಸ್ಲಾಟಿನಲ್ಲಿ ಕಾಣುವ ಮುಖಕ್ಕೆ. ಸುದ್ದಿ ತರುವವರಿಲ್ಲ ಎಂಬ ಕಾರಣವನ್ನು ಆ ಸಭೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ತಿರುಚಿದ ಆರೋಪದ ಪ್ರಕರಣ ದಾಖಲಿಸಿದ ಬಳಿಕ ಬಾರ್ಕ್ ಸುದ್ದಿವಾಹಿನಿಗಳ ಅಂಕಿಗಳನ್ನು ನಿಲ್ಲಿಸಿತು. ಅವು ಮತ್ತೆ ಬಂದದ್ದು 2022ರ ಮಾರ್ಚ್‌ನಲ್ಲಿ. ಆ ಒಂದೂವರೆ ವರ್ಷ ನಮ್ಮಲ್ಲಿ ಒಂದು ವಿಚಿತ್ರ ಬದಲಾವಣೆಯಾಯಿತು. ವಾಹಿನಿಗೆ ಅಂಕಿಯಿರಲಿಲ್ಲ, ಆದರೆ ಪ್ರತಿ ನಿರೂಪಕರಿಗೂ ತಮ್ಮ ತುಣುಕು ಯೂಟ್ಯೂಬ್‌ನಲ್ಲಿ ಎಷ್ಟು ಜನ ನೋಡಿದರು ಎಂಬ ಅಂಕಿ ಅಂಗೈಯಲ್ಲಿತ್ತು. ತಮ್ಮ ಬೆಲೆ ಸಂಸ್ಥೆಯ ಬೆಲೆಗಿಂತ ಬೇರೆ ಎಂಬುದು ಅವರಿಗೆ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ ಎಂದು ನನ್ನ ಅನಿಸಿಕೆ.

ಮುಖ ಹೋದರೆ ವಾಹಿನಿ ಬೀಳುತ್ತದೆ ಎಂಬುದು ಎಲ್ಲ ಕಡೆ ನಿಜವಲ್ಲ ಎನ್ನುವುದಕ್ಕೆ ಕನ್ನಡದಲ್ಲಿಯೇ ಸಾಕ್ಷಿಯಿದೆ. 2000ರಲ್ಲಿ ಆರಂಭವಾದ ಈಟಿವಿ ಕನ್ನಡದ ಸುದ್ದಿ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಓದುವವರ ಹೆಸರಿಗಿಂತ ಜಿಲ್ಲೆ ಜಿಲ್ಲೆಯ ಸುದ್ದಿಗೆ ಬೆಲೆಯಿತ್ತು. 2006ರಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್ ಬಂದ ಮೇಲೆ ತರಬೇತಿ ಪಡೆದ ಮುಖಗಳಿಗೆ ಪೈಪೋಟಿ ಹತ್ತಿತು. ಪ್ರತಿ ಹೊಸ ವಾಹಿನಿಯೂ ತನ್ನವರನ್ನು ತಯಾರು ಮಾಡುವ ಬದಲು ಹಳೆಯ ವಾಹಿನಿಯ ನಿರೂಪಕರಿಗೆ ಹೆಚ್ಚಿನ ಸಂಬಳದ ಆಸೆ ತೋರಿಸಿತು. ಟಿವಿ9ನಲ್ಲಿ ಮನೆಮಾತಾಗಿದ್ದ ಶೀತಲ್ ಶೆಟ್ಟಿಯವರು ಅಲ್ಲಿಂದ ಹೊರಬಂದು ಸಿನಿಮಾ ಕಡೆ ಹೊರಳಿ 2022ರಲ್ಲಿ 'ವಿಂಡೋ ಸೀಟ್' ನಿರ್ದೇಶಿಸಿದರು. ಅವರು ಹೊರಟರೆಂದು ಟಿವಿ9 ಕುಸಿಯಲಿಲ್ಲ. ಸುವರ್ಣ ನ್ಯೂಸ್‌ನ ನೇತೃತ್ವ ವಹಿಸಿದ್ದ ಎಚ್.ಆರ್. ರಂಗನಾಥ್ ಹೊರಬಂದು 2012ರ ಫೆಬ್ರವರಿಯಲ್ಲಿ ಪಬ್ಲಿಕ್ ಟಿವಿ ಆರಂಭಿಸಿದಾಗ ಹೋದದ್ದು ಬರಿಯ ಮುಖವಲ್ಲ, ಸಂಪಾದಕನ ಕುರ್ಚಿಯೇ ಹೋಗಿತ್ತು. ಆದರೂ ಸುವರ್ಣ ನ್ಯೂಸ್ ನಿಂತಿತು, ಏಕೆಂದರೆ ಅದರ ಹಿಂದೆ ಹಣವಿತ್ತು, ಜಿಲ್ಲೆಗಳಲ್ಲಿ ಜನವಿದ್ದರು. ಅದೇ ವೇಳೆ ಪಬ್ಲಿಕ್ ಟಿವಿ ಒಬ್ಬರ ದನಿಯ ಸುತ್ತ ಬೆಳೆಯಿತು. 'ಬಿಗ್ ಬುಲೆಟಿನ್' ಎಂದರೆ ರಂಗಣ್ಣ ಎನ್ನುವಷ್ಟರ ಮಟ್ಟಿಗೆ ಕಾರ್ಯಕ್ರಮವೂ ವ್ಯಕ್ತಿಯೂ ಬೆರೆತುಹೋಗುವುದು ಒಂದು ವಾಹಿನಿಗೆ ದೊಡ್ಡ ಬಂಡವಾಳವೂ ಹೌದು, ಅಷ್ಟೇ ದೊಡ್ಡ ಅಪಾಯವೂ ಹೌದು ಎಂದು ನನಗನ್ನಿಸುತ್ತದೆ.

ಇನ್ನೊಂದು ಕಡೆ ಉದಯ ನ್ಯೂಸ್ ಇದೆ. 1994ರಲ್ಲಿ ಶುರುವಾದ ಉದಯ ಟಿವಿಯ ಹೆಸರು, ಸನ್ ಸಮೂಹದ ಹಣಬಲ, ಕನ್ನಡದಲ್ಲಿ ಖಾಸಗಿ ಸುದ್ದಿಯ ಮೊದಲಿಗರೆಂಬ ಹಿರಿಮೆ ಎಲ್ಲ ಇದ್ದೂ ಅದು 2017ರಲ್ಲಿ ಮುಚ್ಚಿತು. ಅದನ್ನು ನಿರೂಪಕರ ವಲಸೆ ಕೊಂದಿತೆಂದು ಯಾರೂ ಹೇಳಲಾರರು. ಉಳಿದ ವಾಹಿನಿಗಳು ಘಟನೆಯ ಸ್ಥಳದಿಂದ ಗಂಟೆಗಟ್ಟಲೆ ನೇರ ಪ್ರಸಾರ ಮಾಡುತ್ತಿದ್ದಾಗ ಅಲ್ಲಿ ಬುಲೆಟಿನ್‌ಗಳು ಹಳೆಯ ಠೀವಿಯಲ್ಲೇ ಸಾಗಿದ್ದವು. ಕಿರುಚಾಟವಿಲ್ಲದ ಆ ಓದು ನನಗೆ ವೈಯಕ್ತಿಕವಾಗಿ ಇಷ್ಟವಿತ್ತು, ಆದರೆ ನನ್ನ ಇಷ್ಟಕ್ಕೆ ಜಾಹೀರಾತು ಬರುವುದಿಲ್ಲ.

ನಿರೂಪಕರನ್ನು ಕಟ್ಟಿಹಾಕಲು ಕರಾರುಗಳಿಲ್ಲವೇ ಎಂಬ ಪ್ರಶ್ನೆಯೂ ನಿಮ್ಮಲ್ಲಿರಬಹುದು. ಇವೆ. ಕೆಲಸ ಬಿಟ್ಟು ಆರು ತಿಂಗಳು ಅಥವಾ ಒಂದು ವರ್ಷ ಎದುರಾಳಿ ವಾಹಿನಿಯ ತೆರೆಯ ಮೇಲೆ ಬರಬಾರದು ಎಂಬ ಷರತ್ತಿಗೆ ನಮ್ಮವರೂ ಸಹಿ ಹಾಕಿದ್ದರು. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಒಬ್ಬರ ವೃತ್ತಿಗೆ ಅಡ್ಡಿಪಡಿಸುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ. ನೌಕರಿಯಲ್ಲಿರುವಾಗ ಬೇರೆಡೆ ದುಡಿಯಬಾರದೆಂದರೆ ನಡೆಯುತ್ತದೆ, ಬಿಟ್ಟ ಮೇಲೂ ದುಡಿಯಬಾರದೆಂದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಹೀಗಾಗಿ ಷರತ್ತಿಗಿಂತ ಹೆಚ್ಚು ಕೆಲಸ ಮಾಡುತ್ತಿದ್ದದ್ದು ಬಾಕಿ ಸಂಬಳ ತಡೆಹಿಡಿಯುವುದು, ರಿಲೀವಿಂಗ್ ಪತ್ರ ಕೊಡದಿರುವುದು ಮುಂತಾದ ಸಣ್ಣ ಕಿರುಕುಳಗಳು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಿಕೆಗಳವರಿಗಾಗಿ ಬರೆದದ್ದಾದ್ದರಿಂದ ಅದು ಕೊಡುತ್ತಿದ್ದ ರಕ್ಷಣೆಯೂ ನಮಗೆ ಸಿಗುತ್ತಿರಲಿಲ್ಲ. ಎರಡು ತಿಂಗಳ ಸಂಬಳ ಬಾಕಿಯಿಟ್ಟುಕೊಂಡ ಸಂಸ್ಥೆ ನಿಷ್ಠೆಯ ಮಾತಾಡಿದರೆ ಕೇಳುವವರಾದರೂ ಯಾರು?

ನಮ್ಮ ರಾತ್ರಿ ಒಂಬತ್ತರ ನಿರೂಪಕಿ ಹೊರಟದ್ದು ಒಂದು ಶುಕ್ರವಾರ. ಬುಲೆಟಿನ್ ಮುಗಿಸಿ, ಲೇಪಲ್ ಮೈಕ್ ಬಿಚ್ಚಿ ಮೇಜಿನ ಮೇಲಿಟ್ಟು, ಮೇಕಪ್ ಕೋಣೆಯಿಂದ ತಮ್ಮ ಡಬ್ಬಿಯನ್ನು ಕೈಯಲ್ಲಿ ಹಿಡಿದು ಹೊರಬಂದಾಗಲೇ ನಮಗೆಲ್ಲ ಅರ್ಥವಾಯಿತು. ಆ ಡಬ್ಬಿಯನ್ನು ಅವರು ಎಂದೂ ಮನೆಗೆ ಒಯ್ಯುತ್ತಿರಲಿಲ್ಲ. ಹತ್ತೂವರೆಗೆ ರಾಜೀನಾಮೆಯ ಇಮೇಲ್ ಬಂತು. ಅಂದು ರಾತ್ರಿ ಗ್ರಾಫಿಕ್ಸ್ ಹುಡುಗರು ಬೆಳಗಿನ ಐದರವರೆಗೆ ಕುಳಿತು ಟೈಟಲ್ ಮೊಂಟಾಜ್, ಪ್ರೋಮೋ, ಫಿಲ್ಲರ್‌ಗಳಿಂದ ಅವರ ಮುಖ ತೆಗೆದರು. ಎಲ್ಲವನ್ನೂ ತೆಗೆದೆವೆಂದುಕೊಂಡಿದ್ದೆವು. ಸುಮಾರು ನಲವತ್ತು ದಿನಗಳ ನಂತರ, ಭಾನುವಾರ ಮಧ್ಯಾಹ್ನ, ಪ್ರಸಾರ ಹೊರಹೋಗುವ ಕೋಣೆಯಾದ ಎಂಸಿಆರ್‌ನ ಸರ್ವರ್‌ನಲ್ಲಿ ಎಲ್ಲೋ ಉಳಿದಿದ್ದ ಒಂದು ಹಳೆಯ ಪ್ರೋಮೋ ಹೇಗೋ ಪ್ಲೇಲಿಸ್ಟ್ ಸೇರಿ ಪ್ರಸಾರವಾಯಿತು: "ಸತ್ಯಕ್ಕಾಗಿ, ಪ್ರತಿ ರಾತ್ರಿ ಒಂಬತ್ತಕ್ಕೆ" ಎಂದು ಅವರು ನಮ್ಮಲ್ಲಿ ಕೈಕಟ್ಟಿ ನಿಂತಿದ್ದರು. ಪಕ್ಕದ ಮಾನಿಟರ್‌ನಲ್ಲಿ, ಅದೇ ಕ್ಷಣ, ಎದುರಾಳಿ ವಾಹಿನಿಯಲ್ಲಿ ನೇರ ಪ್ರಸಾರದಲ್ಲಿ ಕೊಡಗಿನ ಮಳೆಯ ಸುದ್ದಿ ಓದುತ್ತಿದ್ದರು. ಸುದ್ದಿ ಸ್ಥಳದಿಂದ ಅವರಿಗೊಬ್ಬ ವರದಿಗಾರ ಸಿಕ್ಕಿದ್ದ, ಅದೇ ನನಗೆ ಹೆಚ್ಚು ಹೊಟ್ಟೆ ಉರಿಸಿದ ಸಂಗತಿ.

ಇನ್ನು ಪ್ರೇಕ್ಷಕರು ಅವರ ಹಿಂದೆ ಹೋಗುತ್ತಾರೆಯೇ ಎಂಬ ನಿಮ್ಮ ಕೊನೆಯ ಪ್ರಶ್ನೆ. ಚರ್ಚೆ ನಡೆಸುವ, ತಮ್ಮದೇ ಅಭಿಪ್ರಾಯವುಳ್ಳ ನಿರೂಪಕರ ಹಿಂದೆ ಒಂದಷ್ಟು ಜನ ಹೋಗುತ್ತಾರೆ. ಬುಲೆಟಿನ್ ಓದುವವರ ಹಿಂದೆ ಹೋಗುವವರು ಬಹಳ ಕಡಿಮೆ. ರಿಮೋಟಿನಲ್ಲಿ ಬೆರಳು ಅಭ್ಯಾಸದ ನಂಬರಿಗೆ ಹೋಗುತ್ತದೆ, ಅಲ್ಲಿ ತಾಜಾ ಸುದ್ದಿಯಿದ್ದರೆ ಯಾರು ಓದಿದರೂ ನಿಲ್ಲುತ್ತದೆ. ನಮ್ಮಲ್ಲಿ ಆ ನಿರೂಪಕಿ ಹೋದ ವಾರದ ಅಂಕಿ ಇಳಿದದ್ದು ನಾವು ಹೆದರಿದ್ದಕ್ಕಿಂತ ಕಡಿಮೆ, ಏಕೆಂದರೆ ಇಳಿಯಬೇಕಾದದ್ದೆಲ್ಲ ಮುಂಚೆಯೇ ಇಳಿದಿತ್ತು.

ಕಳೆದ ವರ್ಷ ದಾವಣಗೆರೆಯಲ್ಲಿ ಒಂದು ಮದುವೆಯಲ್ಲಿ ಆ ನಿರೂಪಕಿ ಸಿಕ್ಕಿದ್ದರು. ಆ ಹೊತ್ತಿಗೆ ಮೂರನೆಯ ವಾಹಿನಿಗೆ ಸೇರಿ ಎರಡು ವರ್ಷವಾಗಿತ್ತು. ಊಟದ ಪಂಕ್ತಿಯಲ್ಲಿ ಎದುರಿಗಿದ್ದ ಹಿರಿಯರೊಬ್ಬರು ಗುರುತು ಹಿಡಿದು, ನಮ್ಮ ಹಳೆಯ ವಾಹಿನಿಯ ಹೆಸರು ಹೇಳಿ, "ದಿನಾ ರಾತ್ರಿ ನಿಮ್ಮನ್ನೇ ನೋಡ್ತೀವಿ ಕಣಮ್ಮ" ಎಂದರು. ಆ ವಾಹಿನಿ ನಮ್ಮ ಊರಿನ ಕೇಬಲ್ ಪಟ್ಟಿಯಿಂದ ಹೋಗಿ ಎಷ್ಟೋ ಕಾಲವಾಗಿತ್ತು. ಅವರು ನನ್ನ ಕಡೆ ನೋಡಿ ನಕ್ಕು, ಹಿರಿಯರಿಗೆ ಕೈಮುಗಿದು, ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.