ಗೆದ್ದವರೇ ದೇವರ ಕಡೆಯವರಾ?

ಪ್ರಶ್ನೆ: ಅಯ್ಯನವರೇ, ಚುನಾವಣೆಯಲ್ಲಿ ನಾನು ವೋಟು ಹಾಕಿದ ಪಕ್ಷ ಸೋತಿತು. ಫಲಿತಾಂಶ ಬಂದ ದಿನವೇ ಒಬ್ಬ ಹಿರಿಯರು ಸಭೆಯ ವಾಟ್ಸಾಪ್ ಗ್ರೂಪ್‌ನಲ್ಲಿ ‘ಇದು ದೇವರ ಚಿತ್ತ, ಸ್ತೋತ್ರ’ ಅಂತ ಹಾಕಿದರು. ಅದರ ಕೆಳಗೆ ಸಾಲು ಸಾಲು ‘ಆಮೆನ್’. ಹಾಗಾದರೆ ನಾನು ದೇವರಿಗೆ ವಿರೋಧವಾಗಿ ವೋಟು ಹಾಕಿದೆನಾ? ಆರಾಧನೆಗೆ ಹೋಗಲು ಮನಸ್ಸಿಲ್ಲ. ಗೆದ್ದವರಿಗಾಗಿ ಪ್ರಾರ್ಥಿಸುವುದಂತೂ ಆಗುತ್ತಲೇ ಇಲ್ಲ. ಗ್ರೂಪ್ ಬಿಟ್ಟುಬಿಡಲಾ?
– ಹೆಸರು ಬೇಡ ಎಂದ ಓದುಗರು

ಉತ್ತರ: ಇಲ್ಲ, ನೀವು ದೇವರಿಗೆ ವಿರೋಧವಾಗಿ ವೋಟು ಹಾಕಿಲ್ಲ. ರಾಜರನ್ನು ಇಳಿಸುವವನೂ ಏರಿಸುವವನೂ ದೇವರೇ ಎಂದು ಬೈಬಲಿನ ದಾನಿಯೇಲನ ಪುಸ್ತಕ ಹೇಳುತ್ತದೆ, ನಿಜ. ಹೋಶೇಯನ 8ನೇ ಅಧ್ಯಾಯವನ್ನೂ ಓದಿ. ನನ್ನನ್ನು ಕೇಳದೆ ರಾಜರನ್ನು ಮಾಡಿಕೊಂಡಿದ್ದಾರೆ ಎಂದು ಅದೇ ದೇವರು ಅಲ್ಲಿ ದೂರುತ್ತಾನೆ. ರಾಜ ಬೇಕೇ ಬೇಕು ಎಂದು ಇಸ್ರಾಯೇಲಿನ ಜನ ಹಟ ಹಿಡಿದಾಗ ಸೌಲ ರಾಜನಾಗಿ ಸಿಕ್ಕಿದನು. ದೇವರು ಕೇಳಿದ್ದನ್ನು ಕೊಟ್ಟನು ಅಂದರೆ ಮೆಚ್ಚಿ ಕೊಟ್ಟನು ಅಂತಲ್ಲ. ಮುಂದಿನ ಸಲ ಆ ಹಿರಿಯರ ಪಕ್ಷ ಸೋತರೆ ಇದೇ ಸ್ತೋತ್ರ ಹಾಕುತ್ತಾರಾ, ನೋಡೋಣ!

ಪ್ರಾರ್ಥನೆಯ ವಿಷಯ. ಅರಸರಿಗಾಗಿ ಪ್ರಾರ್ಥಿಸಿರಿ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ಹೇಳುವ ಕಾಲಕ್ಕೆ ರೋಮಿನ ಸಿಂಹಾಸನದಲ್ಲಿ ಕ್ರೈಸ್ತ ಅರಸ ಯಾರೂ ಇರಲಿಲ್ಲ. ಗೆದ್ದವರ ಯೋಜನೆಗಳೆಲ್ಲ ಗೆಲ್ಲಲಿ ಎಂದು ಕೇಳಬೇಕಾಗಿಲ್ಲ. ಜನ ನೆಮ್ಮದಿಯಿಂದ ಬದುಕುವಂತಾಗಲಿ ಎಂದು ಕೇಳಿ, ಸಾಕು. ದಾನಿಯೇಲನನ್ನೇ ನೋಡಿ. ತನ್ನವರನ್ನು ಸೆರೆಗೆ ಒಯ್ದ ಬಾಬೆಲಿನ ರಾಜ ನೆಬೂಕದ್ನೆಚ್ಚರನ ಕೈಕೆಳಗೆ ಕೆಲಸ. ರಾಜನಿಗೆ ಕೆಟ್ಟ ಕನಸು ಬಿತ್ತು. ರಾಜನೇ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ಅದರ ಅರ್ಥ ತಿಳಿದಾಗ ದಾನಿಯೇಲ ಒಳಗೊಳಗೇ ಖುಷಿಪಡಬಹುದಿತ್ತು, ಅಲ್ವಾ? ಅವನು ಗಾಬರಿಯಾದನು, ಇದು ನಿನ್ನ ವೈರಿಗಳಿಗೆ ಬರಬಾರದಿತ್ತೇ ಅಂದನು. ಅದೇ ಉಸಿರಲ್ಲಿ, ಪಾಪ ಬಿಡು, ಬಡವರಿಗೆ ಕರುಣೆ ತೋರಿಸು ಎಂದೂ ಮುಖಕ್ಕೇ ಹೇಳಿದನು. ಒಳ್ಳೆಯದನ್ನು ಬಯಸಿದವನೇ ತಪ್ಪನ್ನೂ ಎತ್ತಿ ಹೇಳಿದ್ದು. ಸೋತವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಎಣಿಕೆಯಲ್ಲಿ ಮೋಸವಾಗಿದೆ ಅನ್ನಿಸಿದರೆ? ಸಾಕ್ಷಿ ಇದ್ದರೆ ಕೋರ್ಟಿಗೆ ಹೋಗಬಹುದು. ಸಾಕ್ಷಿ ಇಲ್ಲದೆ ಸುಮ್ನೆ ಫಾರ್ವರ್ಡ್ ಮಾಡುವುದು ಸುಳ್ಳುಸಾಕ್ಷಿ, ಅದಕ್ಕೆ ಹತ್ತು ಆಜ್ಞೆಗಳಲ್ಲೇ ಉತ್ತರವಿದೆ.

ಗೆದ್ದವರೂ ಇದನ್ನು ಓದುತ್ತಿರಬಹುದು. ನಾನು ಸಭೆ ನೋಡಿಕೊಳ್ಳುತ್ತಿದ್ದಾಗ ನನಗೆ ಜಾಸ್ತಿ ತಲೆನೋವಾಗಿದ್ದು ಅವರಿಂದಲೇ. ಸೋತವರು ನಾಲ್ಕು ದಿನ ಮುನಿಸಿಕೊಂಡು ಮತ್ತೆ ಬರುತ್ತಿದ್ದರು. ಗೆದ್ದವರು ಮಾತ್ರ ತಮ್ಮವರು ಏನು ಮಾಡಿದರೂ ಮುಂದಿನ ಚುನಾವಣೆವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ವೈರಿ ಬಿದ್ದಾಗ ಹಿಗ್ಗಬೇಡ ಎಂದು ಜ್ಞಾನೋಕ್ತಿಗಳಲ್ಲಿದೆ. ಇಲ್ಲಿ ಬಿದ್ದವರು ವೈರಿಯೂ ಅಲ್ಲ, ಪಕ್ಕದಲ್ಲೇ ಕೂತು ಹಾಡುವವರು. 1774ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಮೆಥಡಿಸ್ಟ್ ಬೋಧಕ ಜಾನ್ ವೆಸ್ಲಿ ತಮ್ಮ ಸಂಘದ ಮತದಾರರಿಗೆ ಮೂರು ಮಾತು ಹೇಳಿದ್ದರು: ಹಣ ಪಡೆಯದೆ ಯೋಗ್ಯನಿಗೆ ವೋಟು ಹಾಕಿ, ಎದುರಾಳಿಯ ಬಗ್ಗೆ ಕೆಟ್ಟದಾಗಿ ಮಾತಾಡಬೇಡಿ, ಆ ಕಡೆ ವೋಟು ಹಾಕಿದವರ ಮೇಲೆ ಮನಸ್ಸು ಕಹಿ ಮಾಡಿಕೊಳ್ಳಬೇಡಿ. ಮೊದಲನೆಯದು ವೋಟಿನ ದಿನಕ್ಕೆ ಮುಗಿಯುತ್ತದೆ. ಮೂರನೆಯದೇ ಕಷ್ಟ. ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ, ರೋಮಿನ ಕಡೆಯವರೆಂದು ಜನ ಹಳಿಯುತ್ತಿದ್ದ ಸುಂಕ ವಸೂಲಿಯವರಲ್ಲಿ ಒಬ್ಬನಾದ ಮತ್ತಾಯನೂ ಇದ್ದನು, ಪರರ ಆಳ್ವಿಕೆ ಸಹಿಸದ ಮತಾಭಿಮಾನಿ ಎನಿಸಿಕೊಂಡ ಸೀಮೋನನೂ ಇದ್ದನು. ಊಟಕ್ಕೆ ಕೂತಾಗ ಅವರಿಬ್ಬರ ಮಾತುಕತೆ ಹೇಗಿತ್ತೋ!

ಗ್ರೂಪ್ ಬಿಡಬೇಡಿ, ಸ್ವಲ್ಪ ದಿನ ಮ್ಯೂಟ್ ಮಾಡಿ. ಭಾನುವಾರ ಹೋಗಿ. ಗ್ರೂಪ್‌ನಲ್ಲಿ ಉತ್ತರ ಬರೆಯಬೇಡಿ. ಮತ್ತಾಯ 18ರಲ್ಲಿರುವಂತೆ ಆ ಹಿರಿಯರು ಒಬ್ಬರೇ ಇದ್ದಾಗ, ‘ಅಣ್ಣ, ನಿಮ್ಮ ಮಾತಿನಿಂದ ನೋವಾಯಿತು’ ಅನ್ನಿ. ಕೇಳಿಸಿಕೊಳ್ಳದಿದ್ದರೆ ನಿಮ್ಮ ಸಭಾಪಾಲಕರಿಗೆ ತಿಳಿಸಿ. ಸಭೆಯ ಗ್ರೂಪ್‌ನಲ್ಲಿ ಪಕ್ಷದ ಮಾತು ಬೇಡ ಎಂದು ಹೇಳುವುದು ಅವರ ಕೆಲಸ, ನಿಮ್ಮದಲ್ಲ.