78ಕ್ಕೆ ಹೋದವರು ಲೆಕ್ಕಕ್ಕಿಲ್ಲವೇ?

ಪ್ರಶ್ನೆ: ನಮ್ಮ ಕನ್ನಡ ಬಳಗದ ಆರೋಗ್ಯ ಭಾಷಣದಲ್ಲಿ ‘ಕಳೆದುಹೋದ ಬದುಕಿನ ವರ್ಷಗಳು’ ಅಂತ ಒಂದು ಲೆಕ್ಕ ತೋರಿಸಿದರು. 75 ದಾಟಿ ತೀರಿಕೊಂಡವರಿಗೆ ಅದರಲ್ಲಿ ಸೊನ್ನೆ. ನಮ್ಮ ತಂದೆ 78ಕ್ಕೆ ಹೋದರು. ಅವರ ಸಾವಿಗೆ ಬೆಲೆಯೇ ಇಲ್ವಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ತಂದೆಯವರ ವಿಷಯ ಓದಿ ಬೇಸರವಾಯಿತು. ಆ ಸೊನ್ನೆಯನ್ನು ದಯವಿಟ್ಟು ಅವರ ಬದುಕಿನ ಬೆಲೆ ಅಂದುಕೊಳ್ಳಬೇಡಿ. ಅಕಾಲದ ಸಾವು ಎಲ್ಲಿ ಜಾಸ್ತಿ ಎಂದು ಹುಡುಕಲು ಮಾಡಿಕೊಂಡ ಲೆಕ್ಕ ಇದು.

ಮೊದಲು ಒಂದು ವಯಸ್ಸಿನ ಗೆರೆ ಹಾಕುತ್ತಾರೆ, 75 ಅಂತಿಟ್ಟುಕೊಳ್ಳಿ. ಲೋಕಲ್ ರೈಲಿನಿಂದ ಬಿದ್ದು 22ರ ಹುಡುಗ ಸತ್ತರೆ 53 ವರ್ಷ ಹೋಯಿತು. 71ಕ್ಕೆ ಹೃದಯಾಘಾತವಾದರೆ 4 ವರ್ಷ. ಅಂಥ ಹತ್ತು ಸಾವು ಸೇರಿದರೂ 40 ವರ್ಷವೇ. ಬರೀ ಸಾವುಗಳನ್ನು ಎಣಿಸಿದರೆ ಹೃದ್ರೋಗ ಮೇಲೆ ಬರುತ್ತದೆ, ರೈಲು ಹಳಿಯ ಸಾವು ಪಟ್ಟಿಯ ಕೆಳಗೆಲ್ಲೋ ಉಳಿಯುತ್ತದೆ. ಮುಂಬೈಯ ರೈಲು ಹಳಿಗಳಲ್ಲಿ 2022ರಿಂದ 2024ರವರೆಗೆ ಪ್ರತಿ ವರ್ಷ 2,000ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ವರ್ಷಗಳನ್ನು ಎಣಿಸಿದಾಗಲೇ ಈ ನಷ್ಟ ಎಷ್ಟು ದೊಡ್ಡದೆಂದು ಕಾಣುವುದು.

ಆದರೆ ಆ ಗೆರೆ ಮನುಷ್ಯರೇ ಹಾಕಿದ್ದು. ಅಮೆರಿಕದಲ್ಲಿ 65 ಕೂಡ ಬಳಸುತ್ತಾರೆ. ಸಾಂಕ್ರಾಮಿಕವಲ್ಲದ ರೋಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 30ರಿಂದ 70ರ ನಡುವಿನ ಸಾವನ್ನು ನೋಡುತ್ತದೆ. ಇನ್ನೊಂದು ವಿಧಾನದಲ್ಲಿ, ಸತ್ತ ವಯಸ್ಸಿನಲ್ಲಿ ಇನ್ನೆಷ್ಟು ವರ್ಷ ಬಾಳಬಹುದಿತ್ತು ಎಂದು ಆಯುಷ್ಯದ ಕೋಷ್ಟಕದಿಂದ ತೆಗೆಯುತ್ತಾರೆ. ಅದರಲ್ಲಿ 78ಕ್ಕೂ ಸೊನ್ನೆ ಬರುವುದಿಲ್ಲ. ನನಗೆ ಇದೇ ಹೆಚ್ಚು ನ್ಯಾಯ ಅನ್ನಿಸುತ್ತದೆ.

ನಮ್ಮ ಊರಿನ ಮಟ್ಟಿಗೆ ನನ್ನನ್ನು ಕಾಡುವುದು ಬೇರೆ. ನಮ್ಮಲ್ಲಿ ಸಾವು ನಡೆದ ಜಾಗದಲ್ಲೇ ನೋಂದಣಿ. ಇಲ್ಲಿನ ಹೋಟೆಲಿನಲ್ಲಿ ದುಡಿದು, ಟಿಬಿ ಹತ್ತಿಸಿಕೊಂಡು, ಕೊನೆಗೆ ಉಡುಪಿ ಕಡೆಯ ಊರಿಗೆ ಹೋಗಿ ಸತ್ತ ಹುಡುಗನ ವರ್ಷಗಳು ಮುಂಬೈ ಲೆಕ್ಕಕ್ಕೆ ಬರುವುದೇ ಇಲ್ಲ. ಪರೇಲಿನ ಟಾಟಾ ಆಸ್ಪತ್ರೆಗೆ ದೂರದ ಊರಿಂದ ಬಂದು ತೀರಿಕೊಂಡವರು ಮುಂಬೈಯಲ್ಲಿ ದಾಖಲಾಗುತ್ತಾರೆ. ನೋಂದಣಿ ಫಾರಂನಲ್ಲಿ ವಾಸದ ಊರನ್ನೂ ಬರೆಸುತ್ತಾರೆ. ಅದನ್ನು ನೋಡಿ ವಿಂಗಡಿಸಿದರೆ ಹೊರಗಿನಿಂದ ಬಂದವರು ಬೇರೆಯಾಗುತ್ತಾರೆ, ಊರಿಗೆ ಮರಳಿದ ಹುಡುಗ ಮಾತ್ರ ಆಗಲೂ ಸಿಗುವುದಿಲ್ಲ.

ಮುಂದಿನ ಸಲ ಭಾಷಣಕಾರರನ್ನು ಕೇಳಿ: ಗೆರೆ ಯಾವ ವಯಸ್ಸಿಗೆ ಹಾಕಿದಿರಿ, ಸಾವುಗಳನ್ನು ಯಾವ ಊರಿಗೆ ಸೇರಿಸಿದಿರಿ?